ಗೋಡೆ ಮೇಲಿನ ಮರ ಮತ್ತು ಹಟ್ಟಿ ಹೈಕಳು

ಕೊತ್ತತ್ತಿ ಹೋಬಳಿಯ ಒಂದು ಹೈಸ್ಕೂಲಿನ ಗೋಡೆಯ ಮೇಲೆ ಒಂದು ಚಾರ್ಟು ಇದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಎಸ್.ಎಸ್.ಎಲ್.ಸಿ. ನಂತರ ಮುಂದೇನು?’ ಅಂತ ಬರೆದಿದೆ. ಕೆಳಗೆ ಒಂದು ಮರ. ಬುಡದಲ್ಲಿ ಹತ್ತನೆ ತರಗತಿ. ಎಡಗಡೆ ಕೊಂಬೆ ಪಿಯುಸಿ ಸೈನ್ಸು, ಅದು ಸೀದಾ ಆಕಾಶಕ್ಕೆ ಹೋಗಿದೆ. ತುದಿಯಲ್ಲಿ ಒಂದು ಸ್ಟೆತೊಸ್ಕೋಪು, ಒಂದು ರಾಕೆಟ್ಟು. ನಡುವಿನ ಕೊಂಬೆ ಕಾಮರ್ಸು, ತುದಿಗೆ ಬ್ಯಾಂಕಿನ ಕಟ್ಟಡ. ಆರ್ಟ್ಸ್ ಕೊಂಬೆಯ ತುದಿಯಲ್ಲಿ ಯಾಕೋ ಏನೂ ಬರೆದಿಲ್ಲ, ಎರಡು ಎಲೆ ಅಷ್ಟೆ. ಬಲಗಡೆ, ಬುಡಕ್ಕೆ ಹತ್ತಿರದಲ್ಲಿ, ಕುಡುಗೋಲಿಗೆ ಸಿಗುವಷ್ಟು ತಗ್ಗಿನಲ್ಲಿ ಒಂದು ಗಿಡ್ಡ ಕೊಂಬೆ. ಅದರ ಮೇಲೆ ‘ವೃತ್ತಿಪರ ಕೋರ್ಸುಗಳು’. ತುದಿಯಲ್ಲಿ ಒಂದು ಸ್ಪ್ಯಾನರು.

ಕಥೆ ಕವಿತೆಗಳನ್ನು ಮುಂದಿಟ್ಟುಕೊಂಡು ವರ್ಗಪ್ರಜ್ಞೆ, ಜಾತಿಪ್ರಜ್ಞೆ ಎಂದು ಪುಟಗಟ್ಟಲೆ ಬರೆಯುವ ನಾವು ಇಂಥ ಚಾರ್ಟನ್ನು ಯಾಕೆ ಓದುವುದಿಲ್ಲ? ಒಂದು ಕಾದಂಬರಿಯನ್ನು ನಮ್ಮ ಹೋಬಳಿಯಲ್ಲಿ ಹತ್ತು ಜನ ಓದಿದರೆ ಹೆಚ್ಚು. ಈ ಮರವನ್ನು ಪ್ರತಿ ವರ್ಷ ಎಲ್ಲ ಹೈಕಳೂ ಓದುತ್ತವೆ. ಓದಿ, ಅದರಂತೆ ಬದುಕನ್ನು ತಿರುಗಿಸಿಕೊಳ್ಳುತ್ತವೆ. ಈ ಲೇಖನ ಆ ಚಾರ್ಟಿನ ವಿಮರ್ಶೆ. ಚಿತ್ರ ಬರೆದ ಡ್ರಾಯಿಂಗ್ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ.

ಚಾರ್ಟನ್ನು ನಾನು ನೋಡಿದ್ದು ನಮ್ಮ ಕೇರಿಯವನೊಬ್ಬನ ಜೊತೆ. ಅವನು ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವ ಕೆಲಸದವನು. ಮಗನ ರಿಸಲ್ಟು ಬಂದಿತ್ತು, ಪಾಸಾಗಿದ್ದ. ಮುಂದೇನು ಅಂತ ಕೇಳಲು, ರಿಟೈರಾದ ಮೇಷ್ಟ್ರು ಇದ್ದರೆ ಧೈರ್ಯ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದ. ಒಳಗೆ ಕುಂತಿದ್ದವರು ಮಾರ್ಕ್ಸ್ ಕಾರ್ಡು ನೋಡಿದರು, ಹುಡುಗನ ಮುಖ ನೋಡಿದರು, ಅಪ್ಪನ ಅಂಗಿ ನೋಡಿದರು. “ಇವನಿಗೆ ಐಟಿಐ ಸರಿ ಕಣಪ್ಪ. ಬೇಗ ಕೈಗೆ ಕೆಲಸ ಸಿಗ್ತದೆ” ಅಂದರು. ಮಾತು ತಪ್ಪಲ್ಲ, ಕೇಡಿನ ದನಿಯೂ ಅಲ್ಲ. ಆದರೆ ಅದೇ ದಿನ, ಅದೇ ಮೇಜಿನ ಮುಂದೆ, ಹೆಚ್ಚುಕಡಿಮೆ ಅಷ್ಟೇ ಮಾರ್ಕ್ಸಿನ ಇನ್ನೊಬ್ಬ ಹುಡುಗನಿಗೆ ಹೇಳಿದ್ದು ಬೇರೆ: “ಟ್ಯೂಷನ್ ಹಾಕ್ಸಿ, ಸೈನ್ಸ್ ತಗೊಳ್ಳಲಿ, ಪಿಕಪ್ ಆಗ್ತಾನೆ.” ಅವರಪ್ಪನಿಗೆ ನಾಲೆ ಬಯಲಿನಲ್ಲಿ ನಾಲ್ಕೆಕರೆ ಗದ್ದೆ.

ಹೊರಗೆ ಬಂದು ಚಾರ್ಟಿನ ಮುಂದೆ ನಿಂತ ನಮ್ಮವನು ಕೇಳಿದ: “ಮೇಷ್ಟ್ರೆ, ನಮ್ಮೈದ ಹತ್ತೋ ಕೊಂಬೆ ಯಾವ್ದು? ಆ ಗಿಡ್ಡದಾ?”

ಈಗ ಆ ಗಿಡ್ಡ ಕೊಂಬೆಯ ಹೆಸರನ್ನು ನೋಡಿ. ‘ವೃತ್ತಿ.’ ನಮ್ಮ ಶಾಸನಗಳಲ್ಲಿ ಈ ಪದ ಸಿಕ್ಕಾಪಟ್ಟೆ ಬರುತ್ತದೆ. ಅಲ್ಲಿ ವೃತ್ತಿ ಎಂದರೆ ಅಗ್ರಹಾರದಲ್ಲಿ ಬ್ರಾಹ್ಮಣರಿಗೆ ಹಂಚಿಕೊಟ್ಟ ಜಮೀನಿನ ಪಾಲು. ವೃತ್ತಿ ಪಡೆದವನು ನೇಗಿಲು ಮುಟ್ಟಬೇಕಾಗಿರಲಿಲ್ಲ. ಮುಟ್ಟುವವನಿಗೆ ಇದ್ದದ್ದು ವೃತ್ತಿಯಲ್ಲ, ಕಸುಬು. ಅದರ ಹಿಂದೆ ಕುಲ ಸೇರಿಸಿ ಕುಲಕಸುಬು. ಮೈಮುರಿಯದೆ ಉಣ್ಣುವವನ ಪದವನ್ನು ತಂದು ಮೈಮುರಿಯುವವನ ಕೋರ್ಸಿಗೆ ಇಟ್ಟಿದ್ದೇವೆ. ಹೆಸರು ಬದಲಾಗಿದೆ. ಕೊಂಬೆ ಮಾತ್ರ ಅಷ್ಟೇ ಎತ್ತರದಲ್ಲಿದೆ.

ನಮ್ಮ ಹಟ್ಟಿಗಳಿಗೆ ‘ಮುಂದೇನು’ ಎಂಬ ಪ್ರಶ್ನೆಯೇ ಹೊಸದು. ತೋಟಿಯ ಮಗ ತೋಟಿ, ತಳವಾರನ ಮಗ ತಳವಾರ, ನೀರಗಂಟಿಯ ಮಗ ನೀರಗಂಟಿ. ಹುಟ್ಟಿದ ದಿನವೇ ಅಡ್ಮಿಷನ್ನು. ಈ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡುವ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ. ಅಂದರೆ ನಮ್ಮಪ್ಪಂದಿರ ತಲೆಮಾರಿನವರೆಗೂ ಈ ‘ಕೆರಿಯರ್ ಗೈಡೆನ್ಸು’ ಕಾನೂನಿನ ಪ್ರಕಾರವೇ ನಡೆಯುತ್ತಿತ್ತು. ಜಾತಿ ಎಂದರೆ ಒಂದು ಬಗೆಯ ಕೆಲಸದ ಹಂಚಿಕೆ, ಎಲ್ಲ ಸಮಾಜಗಳಲ್ಲೂ ಇರುವುದೇ ಎಂದು ವಾದಿಸುವವರಿಗೆ 1936ರ ‘ಜಾತಿ ವಿನಾಶ’ದಲ್ಲೇ ಬಾಬಾಸಾಹೇಬರು ಉತ್ತರ ಕೊಟ್ಟಿದ್ದಾರೆ. ಇಲ್ಲಿ ಪಾಲಾಗಿರುವುದು ಮನುಷ್ಯರೇ. ಅದೂ ಮೇಲುಕೀಳಿನ ಮೆಟ್ಟಿಲ ಮೇಲೆ, ಅವರ ಒಲವು, ಶಕ್ತಿ ಯಾವುದನ್ನೂ ಕೇಳದೆ. ಆದ್ದರಿಂದ ಹದಿನಾರು ವರ್ಷದ ಹುಡುಗನಿಗೆ ‘ನಿನ್ನ ಅಭಿರುಚಿಗೆ ತಕ್ಕ ಕೋರ್ಸು ಆರಿಸಿಕೋ’ ಎಂದು ಹೇಳುವುದು ನಮ್ಮ ಮಟ್ಟಿಗೆ ಸಣ್ಣ ಮಾತಲ್ಲ, ಸಾವಿರಾರು ವರ್ಷದಲ್ಲಿ ಮೊದಲ ಸಲ ಬಂದ ಮಾತು. ಅದಕ್ಕೇ ಆ ಮಾತನ್ನು ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗಿದೆ.

ಸರ್ಕಾರದ ಮಾತು ಏನು? 1964ರಿಂದ 66ರವರೆಗೆ ಕೂತ ಕೊಠಾರಿ ಆಯೋಗ, 1986ರ ಹೊತ್ತಿಗೆ ಹತ್ತನೆ ತರಗತಿ ದಾಟಿದ ಮಕ್ಕಳಲ್ಲಿ ಅರ್ಧದಷ್ಟು ವೃತ್ತಿಶಿಕ್ಷಣದಲ್ಲಿರಬೇಕು ಅಂದಿತು. 1986 ಬಂತು. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ, 1990ಕ್ಕೆ ನೂರಕ್ಕೆ ಹತ್ತು, 1995ಕ್ಕೆ ಇಪ್ಪತ್ತೈದು ಅಂತ ಗುರಿಯನ್ನು ಇಳಿಸಿಕೊಂಡಿತು. 1992ರಲ್ಲಿ ಆ ಗುರಿಯನ್ನೂ ಐದೈದು ವರ್ಷ ಮುಂದಕ್ಕೆ ಹಾಕಿದರು. 2020ರ ನೀತಿ ಮತ್ತೆ ಅರ್ಧಕ್ಕೆ ಬಂತು: 2025ಕ್ಕೆ ಶಾಲೆ ಕಾಲೇಜುಗಳ ಕನಿಷ್ಠ ಅರ್ಧದಷ್ಟು ಮಕ್ಕಳಿಗೆ ವೃತ್ತಿಯ ಪರಿಚಯ ಆಗಬೇಕು. ಈ ಅರ್ಧ ಎಂಬ ಲೆಕ್ಕವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಯಾವ ಅರ್ಧ? ಆಯೋಗಗಳಲ್ಲಿ ಕೂತವರ ಮಕ್ಕಳು, ಮೊಮ್ಮಕ್ಕಳು ಯಾವ ಅರ್ಧದಲ್ಲಿದ್ದರು? ವೃತ್ತಿಶಿಕ್ಷಣ ಕೀಳು, ಓದಲಾಗದವರಿಗೆ ಅಂತ ಜನ ತಿಳಿದಿದ್ದಾರೆ, ಆ ದಾರಿ ಹಿಡಿದವರಿಗೆ ಮುಂದೆ ಓದಲು ಬಾಗಿಲಿರಲಿಲ್ಲ ಎಂದು 2020ರ ನೀತಿಯೇ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡದ್ದು ಒಳ್ಳೆಯದು. ಆದರೆ ಜನ ಹಾಗೆ ಯಾಕೆ ತಿಳಿದಿದ್ದಾರೆ ಎಂಬ ಪ್ರಶ್ನೆಗೆ ಕೈಕೆಲಸವನ್ನು ಕೀಳು ಮಾಡಿದ ಜಾತಿಯ ಹೆಸರು ಹಿಡಿದು ಉತ್ತರ ಕೊಡುವ ಧೈರ್ಯ ಅಲ್ಲಿ ಕಾಣಲಿಲ್ಲ.

ನಮ್ಮ ರಾಜ್ಯದಲ್ಲಿ ಈ ಕೊಂಬೆಗೆ ಹಿಂದೆ ಜೆ.ಒ.ಸಿ. ಎಂದು ಹೆಸರು. 1977-78ರಲ್ಲಿ ಶುರುವಾಯಿತು. ಪಿಯುಸಿ ಬದಲಿಗೆ ಎರಡು ವರ್ಷ. ರೇಷ್ಮೆ, ಎಲೆಕ್ಟ್ರಿಕಲ್ ವೈರಿಂಗು, ಅಕೌಂಟಿಂಗು, ಹೊಲಿಗೆ ಕಸೂತಿ ಮೊದಲಾದವು. ಪಾಠ ಹೇಳುವವರು ಬಹುತೇಕ ಅರೆಕಾಲಿಕರು. ವರ್ಷಗಟ್ಟಲೆ ಗೌರವಧನದಲ್ಲಿ ದುಡಿದು, ಹೋರಾಟ ಮಾಡಿ, ಕಡೆಗೆ 2010ರ ದಶಕದ ಆರಂಭದಲ್ಲಿ ಆ ಕೋರ್ಸುಗಳ ಬಾಗಿಲು ಮುಚ್ಚುವ ಹೊತ್ತಿಗೆ ಅವರನ್ನು ಸರ್ಕಾರದ ಕೆಲಸಕ್ಕೆ ವಿಲೀನ ಮಾಡಿಕೊಂಡರು. ಮೇಷ್ಟ್ರುಗಳಿಗಾದರೂ ವಿಲೀನ ಆಯಿತು. ಓದಿದವರನ್ನು ಯಾರು ವಿಲೀನ ಮಾಡಿಕೊಂಡರು?

ನಮ್ಮ ದೊಡ್ಡಪ್ಪನ ಮಗ ರೇಷ್ಮೆ ಓದಿದ. ‘ಉದ್ಯೋಗ ಆಧಾರಿತ’ ಅಂದರೆ ಓದಿದ ತಕ್ಷಣ ಉದ್ಯೋಗ ಅಂತ ಮನೆಯವರೆಲ್ಲ ತಿಳಿದಿದ್ದರು. ಅವನು ಚೆನ್ನಾಗಿಯೇ ಕಲಿತ. ಯಾವ ಜ್ವರದಲ್ಲಿ ಹುಳ ಹೇಗಿರುತ್ತದೆ, ಎಷ್ಟು ಹೊತ್ತಿಗೆ ಸೊಪ್ಪು ಹಾಕಬೇಕು, ಚಂದ್ರಿಕೆಗೆ ಯಾವಾಗ ಬಿಡಬೇಕು, ಎಲ್ಲ ಬಾಯಲ್ಲಿತ್ತು. ಹಿಪ್ಪುನೇರಳೆ ಹಾಕಲು ನಮಗೆ ಒಂದು ಗುಂಟೆ ನೀರಾವರಿ ಇರಲಿಲ್ಲ. ಹುಳ ಸಾಕಲು ಬೇರೆ ಮನೆ ಬೇಕು. ನಾವು ಏಳು ಜನ ಮಲಗುತ್ತಿದ್ದದ್ದು ಒಂದಂಕಣದ ಮನೆಯಲ್ಲಿ. ಸರಿ, ಜಮೀನಿದ್ದವರ ಹುಳಮನೆಯಲ್ಲಿ ಕೂಲಿಗಾದರೂ ಸೇರೋಣ ಎಂದರೆ, ಹುಳಕ್ಕೆ ಮೈಲಿಗೆ ಆಗಬಾರದು ಅನ್ನುವ ನಂಬಿಕೆ. ಸೊಪ್ಪು ಕುಯ್ದು ಬಾಗಿಲವರೆಗೆ ಹೊತ್ತು ತರಬಹುದು, ಒಳಗೆ ತಟ್ಟೆ ಮುಟ್ಟುವ ಹಾಗಿಲ್ಲ. ಸರ್ಟಿಫಿಕೇಟಿನಲ್ಲಿ ಪ್ರಥಮ ದರ್ಜೆ. ಅದು ಪಿಯುಸಿಗೆ ಸಮವೋ ಅಲ್ಲವೋ ಎಂದು ಹೋದಲ್ಲೆಲ್ಲ ಕೇಳುವವರೇ. ಅವನು ಕಡೆಗೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋದ. ಕಬ್ಬು ಕಡಿಯಲು ಯಾವ ಕೋರ್ಸೂ ಬೇಕಾಗಿರಲಿಲ್ಲ.

ಈ ಉದಾಹರಣೆಯನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಕೋರ್ಸುಗಳ ಪಟ್ಟಿ ಮಾಡುವವರು ಕೌಶಲ್ಯ ಎಂಬುದು ಮನುಷ್ಯನ ಕೈಯಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿದ್ದಾರೆ. ಅದು ಇರುವುದು ಕೈಗೂ ಜಮೀನಿಗೂ ನಡುವೆ, ಕೈಗೂ ಇನ್ನೊಬ್ಬರ ಮನೆ ಹೊಸ್ತಿಲಿಗೂ ನಡುವೆ. ನಮ್ಮ ಕೇರಿಯ ಇಬ್ಬರು ಹುಡುಗರು ಎಲೆಕ್ಟ್ರಿಷಿಯನ್ ಐಟಿಐ ಮಾಡಿದರು. ಗದ್ದೆ ಬಯಲಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ರಾತ್ರಿ ಹನ್ನೆರಡಕ್ಕೂ ಕರೆಯುತ್ತಾರೆ, ಜಾತಿ ಕೇಳುವುದಿಲ್ಲ. ಅದೇ ಮನೆಯ ಅಡುಗೆಮನೆಯಲ್ಲಿ ಸ್ವಿಚ್ಚು ಕೆಟ್ಟರೆ ಮಂಡ್ಯದಿಂದ ಬೇರೆಯವನನ್ನು ಕರೆಸುತ್ತಾರೆ. ದೇವರಮನೆ ಬಲ್ಬಂತೂ ದೂರದ ಮಾತು. ಒಬ್ಬ ಹುಡುಗ ಮಂಡ್ಯದಲ್ಲೇ ರೂಮು ಮಾಡಿಕೊಂಡ. ಅಲ್ಲಿ ಯಾರ ಮಗ ಅಂತ ಕೇಳದೆ ಅಡುಗೆಮನೆಗೆ ಬಿಡುತ್ತಾರೆ. ತಮಾಷೆ ನೋಡಿ, ಊರಿಂದ ‘ಬೇರೆಯವನನ್ನು’ ಬೇಕು ಅಂತ ಅಂಗಡಿಗೆ ಫೋನು ಮಾಡಿದಾಗ ಒಮ್ಮೆ ಅಂಗಡಿಯವರು ಕಳಿಸಿದ್ದು ಇವನನ್ನೇ!

ಈಗ ಹೈಸ್ಕೂಲಿಗೇ ಇದು ಬಂದಿದೆ. ಎನ್.ಎಸ್.ಕ್ಯೂ.ಎಫ್. ಎಂಬ ಬಾಯಿ ತಿರುಗದ ಹೆಸರು. ಆಯ್ದ ಸರ್ಕಾರಿ ಶಾಲೆಗಳಲ್ಲಿ ಒಂಬತ್ತನೆ ತರಗತಿಯಿಂದ ಐಟಿ, ರಿಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇತ್ಯಾದಿ. ತೃತೀಯ ಭಾಷೆಯ ಜಾಗದಲ್ಲಿ ಇದನ್ನು ತೆಗೆದುಕೊಳ್ಳಬಹುದು. ಹಿಂದಿ ತಪ್ಪಿತು ಅಂತ ನಮ್ಮ ಹೈಕಳು ಖುಷಿಯಾಗೇ ಸೇರುತ್ತವೆ; ಆ ಖುಷಿಯಲ್ಲಿ ನಾನೂ ಪಾಲುದಾರ. ಆದರೆ ಇದು ಆಯ್ಕೆಯಾಗಿ ಇರುವುದು ಸರ್ಕಾರಿ ಶಾಲೆಯ ಮಕ್ಕಳಿಗೆ. ಮಂಡ್ಯದ ಇಂಗ್ಲಿಷ್ ಶಾಲೆಗಳಿಗೆ ಫೀಸು ಕಟ್ಟುವವರು ‘ರಿಟೇಲ್ ಇದೆಯಾ?’ ಎಂದು ಕೇಳಿಕೊಂಡು ಹೋಗುವುದನ್ನು ನಾನಂತೂ ಕಂಡಿಲ್ಲ. ರಿಟೇಲ್ ಅಂದರೆ ಏನು? ಅಂಗಡಿ ಇಡುವುದಲ್ಲ, ಅಂಗಡಿಯಲ್ಲಿ ನಿಲ್ಲುವುದು. ಬ್ಯೂಟಿ ಕಲಿತ ನಮ್ಮ ಹಟ್ಟಿ ಹುಡುಗಿ ಊರಲ್ಲಿ ಪಾರ್ಲರು ತೆರೆದರೆ ಊರ ಹೆಂಗಸರು ಅವಳ ಕೈಯಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಾರೆಯೇ? ಮುಟ್ಟುವುದೇ ಕಸುಬಾಗಿರುವ ಒಂದು ಕೋರ್ಸನ್ನು ಮುಟ್ಟಿಸಿಕೊಳ್ಳದ ಊರಿಗೆ ತಂದಿದ್ದೇವೆ, ಮತ್ತು ಈ ವಿಚಾರ ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲೂ ಇಲ್ಲ.

ನಾಲೆ ಬಂದ ಮೇಲೆ ಮಂಡ್ಯ ಬದಲಾಯಿತು ಎನ್ನುವವರಿಗೆ ಒಂದು ಹಳೆಯ ಪುಸ್ತಕ ನೆನಪಿಸುತ್ತೇನೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಂಗಸು 1954ರಿಂದ 56ರವರೆಗೆ ನಮ್ಮ ಮಂಡ್ಯ ಸೀಮೆಯಲ್ಲಿ ಇದ್ದು, ಎರಡು ಹಳ್ಳಿಗಳಿಗೆ ವಂಗಲ, ದಲೇನ ಎಂದು ಮರೆಹೆಸರಿಟ್ಟು ಅಧ್ಯಯನ ಮಾಡಿದರು; 1962ರಲ್ಲಿ ಪುಸ್ತಕ ಬಂತು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಸಿಕ್ಕಿತು, ಇನ್ನೊಂದು ಒಣಗಿಯೇ ಉಳಿಯಿತು. ನೀರು ಸಿಕ್ಕ ಊರಲ್ಲಿ ಕಬ್ಬು ಬೆಳೆಯಿತು, ದುಡ್ಡು ಬಂತು. ಆದರೆ ಒಕ್ಕಲಿಗರಿಗೂ ಆದಿಕರ್ನಾಟಕರಿಗೂ ನಡುವಿನ ತಲೆತಲಾಂತರದ ಆಳು-ಒಡೆಯ ಸಂಬಂಧ ಹಾಗೇ ಉಳಿಯಿತು, ಯಾಕೆಂದರೆ ಹೊಸ ಬೆಳೆಗೂ ಅದೇ ಆಳು ಬೇಕಾಗಿತ್ತು. ನೀರು ಸಿಗದ ಊರಿನವರು ಫ್ಯಾಕ್ಟರಿಗೆ, ವ್ಯಾಪಾರಕ್ಕೆ, ಕಂಟ್ರಾಕ್ಟಿಗೆ ಹೊರಗೆ ಹೋದರು. ಅಲ್ಲಿ ಆ ಹಳೆ ಗಂಟು ಸಡಿಲಾಯಿತು. ಪುಸ್ತಕದ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಆದರೆ ಕೈಗೆ ದುಡ್ಡು ಬಂದ ಮಾತ್ರಕ್ಕೆ ತಲೆಯ ಮೇಲಿನ ಒಡೆಯ ಇಳಿಯುವುದಿಲ್ಲ ಎಂಬುದು ನಮ್ಮ ಸೀಮೆಯಲ್ಲೇ ರುಜುವಾತಾದ ಸಂಗತಿ. ‘ಕೈಗೆ ಬೇಗ ಕೆಲಸ ಸಿಗ್ತದೆ’ ಅಂದ ಮೇಷ್ಟ್ರು ಇದನ್ನು ಯೋಚಿಸಿರಲಾರರು.

1953 ಎಂಬ ವರ್ಷವನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಗುರುತು ಹಾಕಿಕೊಳ್ಳಬೇಕು. ಆ ವರ್ಷ ಮದರಾಸಿನಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಗೆ ಹೊಸ ಯೋಜನೆ ತಂದರು: ಹಳ್ಳಿ ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿ, ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯುವುದು. ಪೆರಿಯಾರರ ಕಡೆಯವರು ಇದನ್ನು ‘ಕುಲ ಕಲ್ವಿ’ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ಅದೇ 1953ರಲ್ಲಿ ದಕ್ಷಿಣ ಆಫ್ರಿಕದ ಬಿಳಿಯ ಸರ್ಕಾರ ಬಂಟು ಶಿಕ್ಷಣ ಕಾಯಿದೆ ಮಾಡಿತು. ಕರಿಯರ ಮಕ್ಕಳಿಗೆ ದುಡಿಮೆಗೆ ಎಷ್ಟು ಬೇಕೋ ಅಷ್ಟೇ ಓದು ಎಂಬುದು ಅದರ ತಿರುಳು. ಒಬ್ಬರು ಗಾಂಧಿವಾದಿ, ಇನ್ನೊಬ್ಬರು ವರ್ಣದ್ವೇಷಿಗಳು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಬಡವರ ಮಕ್ಕಳಿಗೆ ಎಷ್ಟು ಓದು ‘ಸಾಕು’ ಎಂದು ಬೇರೆ ಯಾರೋ ಲೆಕ್ಕ ಹಾಕುವ ಅಭ್ಯಾಸ ಎರಡು ಕಡೆಯೂ ಒಂದೇ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ. ಚಪ್ಪಲಿ ಹೊಲಿಯುವುದು, ಕ್ಷೌರ, ಬಟ್ಟೆ ಒಗೆಯುವುದು ಎಲ್ಲ ಸೇರಿ. ಹದಿನೈದು ಸಾವಿರದ ಸಲಕರಣೆ, ಶೇಕಡಾ ಐದರ ಬಡ್ಡಿಗೆ ಸಾಲ. ಇವತ್ತು ಆ ಕೆಲಸ ಮಾಡಿ ಬದುಕುತ್ತಿರುವವನಿಗೆ ಇದು ಬೇಡ ಎನ್ನಲು ನಾನ್ಯಾರು? ಆದರೆ ಕುಟುಂಬದ ಸಾಂಪ್ರದಾಯಿಕ ಕಸುಬು ಎಂಬ ಮಾತಿಗೆ ತಮಿಳುನಾಡು ಸರ್ಕಾರ 2024ರಲ್ಲಿ ತಕರಾರು ತೆಗೆದು, ಹಾಗೇ ಜಾರಿ ಮಾಡಲಾರೆವು ಎಂದಿತು. ಎಪ್ಪತ್ತು ವರ್ಷದ ನೆನಪು ಅವರಿಗಿದೆ. ನಮ್ಮಲ್ಲಿ ಅಂಥ ಚರ್ಚೆ ದೊಡ್ಡದಾಗಿ ಎದ್ದದ್ದನ್ನು ನಾನು ಕೇಳಲಿಲ್ಲ.

ಯಾಕೆ ಏಳಲಿಲ್ಲ? ಒಂದು ಕಾರಣ ‘ಕಾಯಕ’ ಎಂಬ ಮಾತು ನಮ್ಮಲ್ಲಿ ಸವೆದಿರುವ ರೀತಿ. ಕೌಶಲ್ಯದ ಬಗ್ಗೆ ಯಾವ ಭಾಷಣವಿರಲಿ, ಮೊದಲು ಕಾಯಕ ಬರುತ್ತದೆ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯರ ಹೆಸರು ಬರುತ್ತದೆ. ಶರಣರು ದುಡಿಮೆಗೆ ತಂದ ಘನತೆಯನ್ನು ನಾನು ತಗ್ಗಿಸುತ್ತಿಲ್ಲ. ಆದರೆ ಹರಳಯ್ಯನ ಕಥೆಯನ್ನು ಪೂರ್ತಿ ಹೇಳಿ. ಅವನು ಚಪ್ಪಲಿ ಹೊಲಿದದ್ದಕ್ಕೆ ಕಲ್ಯಾಣದಲ್ಲಿ ಯಾರೂ ಎಳೆಹೂಟೆ ಹಾಕಲಿಲ್ಲ. ಬ್ರಾಹ್ಮಣ ಮಧುವರಸನ ಮಗಳನ್ನು ಮನೆಗೆ ಸೊಸೆಯಾಗಿ ತಂದದ್ದಕ್ಕೆ ಹಾಕಿದರು. ಕಸುಬು ಮಾಡುತ್ತಾ ಇದ್ದಷ್ಟು ದಿನ ಅವನು ಯಾರಿಗೂ ತೊಂದರೆಯಲ್ಲ. ಗೆರೆ ದಾಟಿದ ದಿನ ರಕ್ತ ಹರಿಯಿತು. ಸ್ಕಿಲ್ಲಿನ ಸಮಾರಂಭಗಳಲ್ಲಿ ಮೊದಲರ್ಧವನ್ನು ಹೇಳಿ ಹಾರ ಹಾಕಿ ಮುಗಿಸುತ್ತಾರೆ.

ಇಷ್ಟೆಲ್ಲ ಬರೆದ ಮೇಲೆ, ಹಾಗಾದರೆ ವೃತ್ತಿಶಿಕ್ಷಣವೇ ಮೇಲ್ಜಾತಿಗಳ ಪಿತೂರಿ, ನಮ್ಮ ಮಕ್ಕಳು ಆ ಕಡೆ ತಲೆ ಹಾಕಬಾರದು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನಮ್ಮ ಸಭೆಗಳಲ್ಲಿ ಚಪ್ಪಾಳೆಯೂ ಬೀಳುತ್ತದೆ. ಅಲ್ಲೇ ನನ್ನ ತಕರಾರು ಇರುವುದು, ಮತ್ತು ಇದು ನಮ್ಮವರ ಮೇಲಿನ ತಕರಾರು.

ಅಮೆರಿಕದ ಕರಿಯರಲ್ಲೂ ಈ ಜಗಳ ನಡೆದಿತ್ತು. ಗುಲಾಮನಾಗಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ 1881ರಿಂದ ಟಸ್ಕೀಗಿಯಲ್ಲಿ ಇಟ್ಟಿಗೆ ಸುಡುವುದು, ಬಡಗಿ ಕೆಲಸ, ಬೇಸಾಯ ಕಲಿಸಿದ. ಮೊದಲು ಕೈಯಲ್ಲಿ ಕಸುಬಿರಲಿ, ಹಕ್ಕುಗಳು ಆಮೇಲೆ ಬರುತ್ತವೆ ಅಂದ. ಡು ಬಾಯ್ಸ್ 1903ರಲ್ಲಿ ಎದುರು ನಿಂತು, ಹಕ್ಕು ಬಿಟ್ಟುಕೊಟ್ಟು ಕಲಿತ ಕಸುಬು ಯಾರನ್ನೂ ಕಾಯುವುದಿಲ್ಲ, ನಮ್ಮಲ್ಲೂ ಉನ್ನತ ವಿದ್ಯೆ ಪಡೆದವರು ಬೇಕು ಎಂದ. ನಮ್ಮ ಚಳವಳಿ ಸಹಜವಾಗಿಯೇ ಡು ಬಾಯ್ಸ್ ಪಕ್ಷ. ಆದರೆ ಬಾಬಾಸಾಹೇಬರು ಇಬ್ಬರಿಗಿಂತ ಬೇರೆ ದಾರಿಯಲ್ಲಿ ಯೋಚಿಸಿದ್ದರು. 1942ರ ಅಕ್ಟೋಬರಿನಲ್ಲಿ ಅವರು ವೈಸ್‌ರಾಯರಿಗೆ ಕೊಟ್ಟ ಅಹವಾಲನ್ನು ಓದಬೇಕು. ಬರೀ ಕಲೆ, ಕಾನೂನು ಓದಿ ನಮ್ಮವರಿಗೆ ಹೆಚ್ಚು ಪ್ರಯೋಜನವಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ ಕೊಡಿ, ಹೊರದೇಶಕ್ಕೆ ಕಳಿಸಿ ಎಂದು ಕೇಳಿದರು. ಅದೇ ಅಹವಾಲಿನಲ್ಲಿ ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಿ ಎಂದೂ ಕೇಳಿದರು. ಕೊಲಂಬಿಯಾದಲ್ಲಿ ಡಾಕ್ಟರೇಟು ಮಾಡಿದ ಮನುಷ್ಯನಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸ ಕೀಳಾಗಿ ಕಾಣಲಿಲ್ಲ. ಅವರ ಒತ್ತಾಯವಿದ್ದದ್ದು, ಜಾತಿಯ ಕಸುಬಿನಿಂದ ಯಂತ್ರದ ಕಸುಬಿಗೆ, ಸರ್ಕಾರದ ಸಂಬಳಕ್ಕೆ ದಾಟಬೇಕು ಎಂಬುದಕ್ಕೆ. ತಗ್ಗಿನ ಕೊಂಬೆಯೂ ಬೇಕು, ತುದಿಯ ಕೊಂಬೆಯೂ ಬೇಕು, ಎರಡಕ್ಕೂ ನಡುವೆ ಏಣಿ ಬೇಕು.

ನಾವೇನು ಮಾಡಿದೆವು? ಎಪ್ಪತ್ತು ಎಂಬತ್ತರ ದಶಕದಲ್ಲಿ ಹಾಸ್ಟೆಲುಗಳಿಂದ ಹೊರಟ ನಾವು ಬಿ.ಎ., ಎಂ.ಎ. ಎಂದು ಒಂದೇ ಬಾಗಿಲಿಗೆ ನುಗ್ಗಿದೆವು. ಅದರಿಂದ ಕವಿಗಳು, ಮೇಷ್ಟ್ರುಗಳು, ಅಧಿಕಾರಿಗಳು ಬಂದರು; ಈ ಪತ್ರಿಕೆಯಂಥ ಪತ್ರಿಕೆಗಳು ಬಂದವು. ಸಣ್ಣದಲ್ಲ ಅದು. ಆದರೆ ನಮ್ಮ ಸಾಹಿತ್ಯವನ್ನೇ ಎದುರಿಗಿಟ್ಟು ನೋಡಿ. ಸಿದ್ದಲಿಂಗಯ್ಯನವರ ‘ಊರು ಕೇರಿ’ ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರ ಚಿತ್ರದಿಂದ ಶುರುವಾಗುತ್ತದೆ. ಬಿಡುಗಡೆ ಬರುವುದು ಪುಸ್ತಕದಿಂದ, ಹಾಸ್ಟೆಲಿನಿಂದ. ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲೂ ದಾರಿ ಅದೇ. ಇಬ್ಬರ ಬದುಕೂ ಹಾಗೇ ಇತ್ತು, ಬರೆದದ್ದು ಸತ್ಯ. ನನ್ನ ಪ್ರಶ್ನೆ ಅವರಿಗಲ್ಲ, ಆಮೇಲೆ ಬಂದ ನಮಗೆ. ಲೇತು ಮೆಷಿನ್ನಿನ ಮುಂದೆ ನಿಂತ ದಲಿತ ಹುಡುಗನ ಕಥೆ ಎಲ್ಲಿ? ಬಿಡದಿಯ ಫ್ಯಾಕ್ಟರಿಗೆ ಹೋಗುವವನ, ಮದ್ದೂರು ಕಡೆಯಿಂದ ಗಾರ್ಮೆಂಟ್ಸ್ ವ್ಯಾನು ಹತ್ತುವ ಹೆಣ್ಣುಮಗಳ ಕೈಯ ಚುರುಕಿನ ಬಗ್ಗೆ ಯಾರು ಬರೆದಿದ್ದಾರೆ? ಅವಳ ಸಂಕಟವನ್ನು ಬರೆಯುತ್ತೇವೆ, ಅವಳ ಜಾಣತನವನ್ನು ಬರೆಯುವುದಿಲ್ಲ. ನಮ್ಮ ಬರವಣಿಗೆಯಲ್ಲಿ ದುಡಿಮೆ ಎಂದರೆ ಬೆವರು, ನೋವು, ರಕ್ತ. ಅದು ಜ್ಞಾನವೂ ಹೌದು ಎಂದು ಬರೆಯಲು ನಮಗೆ ಒಂದು ಅಳುಕು. ಬರೆದರೆ ಎಲ್ಲಿ ಮತ್ತೆ ಅಲ್ಲೇ ಕಟ್ಟಿಹಾಕುತ್ತಾರೋ ಎಂಬ ಅಳುಕು. ಅಳುಕಿಗೆ ಕಾರಣವಿದೆ. ಆದರೆ ಅದರ ಜೊತೆಯಲ್ಲೇ, ನಮಗೆ ತಿಳಿಯದ ಹಾಗೆ, ಕೈಕೆಲಸದವನನ್ನು ಕೀಳಾಗಿ ನೋಡುವ ಕಣ್ಣು ನಮಗೂ ಅಂಟಿಕೊಂಡಿದೆ. ನಮ್ಮ ಕೇರಿಯಲ್ಲಿ ಎಂ.ಎ. ಮಾಡಿ ಕೆಲಸವಿಲ್ಲದವನಿಗೆ ‘ಸಾರ್’, ವೆಲ್ಡಿಂಗ್ ಮಾಡಿ ಮನೆ ಕಟ್ಟಿಸಿದವನಿಗೆ ‘ಲೇ’.

‘ಒಡಲಾಳ’ದಲ್ಲಿ ಸಾಕವ್ವನ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಮನೆಯವರೆಲ್ಲ ಬೆರಗಾಗಿ ನೋಡುತ್ತಾರೆ. ಆ ನವಿಲಿನ ಬಗ್ಗೆ ನಾವು ಎಷ್ಟು ವಿಮರ್ಶೆ ಬರೆದಿದ್ದೇವೆ! ಕನಸಿನ ಸಂಕೇತ, ಬಿಡುಗಡೆಯ ಸಂಕೇತ ಅಂತ. ಆ ಹುಡುಗಿಯ ಬೆರಳಿನಲ್ಲಿ ಒಂದು ವಿದ್ಯೆ ಇತ್ತು, ಅದನ್ನು ಕಲಿಸುವ ಶಾಲೆ ಯಾವುದು, ಫೀಸೆಷ್ಟು, ಅವಳಿಗೆ ಸೀಟು ಸಿಗುತ್ತಿತ್ತೇ ಎಂದು ಒ‌ಬ್ಬ ವಿಮರ್ಶಕನಾದರೂ ಕೇಳಿದ್ದರೆ ಚೆನ್ನಾಗಿತ್ತು. ನಾನೂ ಕೇಳಲಿಲ್ಲ.

ಇನ್ನು ಚಾರ್ಟಿನ ವಿಚಾರಕ್ಕೆ ಬಂದರೆ, ಅದರ ದೊಡ್ಡ ಸುಳ್ಳು ಇರುವುದು ಬರೆದದ್ದರಲ್ಲಿ ಅಲ್ಲ, ಬರೆಯದೆ ಬಿಟ್ಟದ್ದರಲ್ಲಿ. ಗಿಡ್ಡ ಕೊಂಬೆ ಅಲ್ಲಿಗೇ ನಿಲ್ಲುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೆ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಡಿ-ಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೆ ವರ್ಷಕ್ಕೆ ಹೋಗಬಹುದು. ಸ್ಪ್ಯಾನರಿನಿಂದ ರಾಕೆಟ್ಟಿನ ಪಕ್ಕದವರೆಗೆ ಒಂದು ಏಣಿ ಇದೆ; ಕಿರಿದು, ಮೆಟ್ಟಿಲು ದೂರ ದೂರ, ಆದರೆ ಇದೆ. ಎಲ್ಲ ಟ್ರೇಡಿಗೂ ಒಂದೇ ಏಣಿಯೂ ಅಲ್ಲ. ಫಿಟ್ಟರು, ಎಲೆಕ್ಟ್ರಿಷಿಯನ್ನು ಎರಡು ವರ್ಷದ್ದು, ಎಸ್ಸೆಸ್ಸೆಲ್ಸಿ ಬೇಕು. ವೆಲ್ಡರಿನಂಥ ಒಂದು ವರ್ಷದ ಕೆಲವು ಟ್ರೇಡುಗಳಿಗೆ ಎಂಟನೆ ತರಗತಿ ಸಾಕು. ‘ಐಟಿಐ ಸರಿ’ ಎಂದು ಹೇಳುವವರು ಯಾವ ಟ್ರೇಡು, ಅದರಿಂದ ಮುಂದೆ ಬಾಗಿಲು ಯಾವುದು ಎಂದು ಹೇಳದಿದ್ದರೆ ಅದು ಸಲಹೆಯಲ್ಲ, ಸಾಗಹಾಕುವುದು.

ಈ ಮಾತನ್ನು ನಾನು ಆ ದಿನ ಚಾರ್ಟಿನ ಮುಂದೆಯೇ ನಮ್ಮವನಿಗೆ ಹೇಳಿದೆ. ಜೇಬಿನಲ್ಲಿದ್ದ ಪೆನ್ಸಿಲು ತೆಗೆದು ಗಿಡ್ಡ ಕೊಂಬೆಯ ತುದಿಯಿಂದ ಮೇಲಕ್ಕೆ ಒಂದು ಗೆರೆ ಎಳೆದೆ. ಸರ್ಕಾರಿ ಗೋಡೆ, ಯಾರಾದರೂ ಬೈದರೆ ಬೈಯಲಿ ಅಂತ. ಅವನು ಗೆರೆಯನ್ನು ನೋಡಿದ, ಮಗನ ಕಡೆ ನೋಡಿದ.

“ಇವನು ಸರಿ ಮೇಷ್ಟ್ರೆ, ಎಂಗೋ ಆಯ್ತದೆ. ಇವನ ತಂಗಿ ಒಂಬತ್ತನೇಲಿ ಅವ್ಳೆ. ಇವನ್ಗಿಂತ ಚೂಟಿ. ಅವಳೂ ಈ ಗೀಟ್ ಮೇಲೇ ಹೋಗ್ಬೌದಾ?”

ನಾನು ಅಷ್ಟು ಹೊತ್ತೂ ಅವಳ ವಿಚಾರ ಎತ್ತಿರಲಿಲ್ಲ. ಈ ಲೇಖನದಲ್ಲೂ ‘ಹುಡುಗ’ ‘ಮಗ’ ಎಂದೇ ಎಷ್ಟು ಸಲ ಬರೆದಿದ್ದೇನೆ ಎಂಬುದು ಈಗ ತಿರುಗಿ ಓದುವಾಗ ಕಾಣುತ್ತಿದೆ. ಹೋಗಬಹುದು ಕಣಪ್ಪ ಅಂದೆ. ಹಾಗಾದರೆ ಮಂಡ್ಯದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಯಾವಾಗ ಕೊಡುತ್ತಾರೆ, ಜಾತಿ ಸರ್ಟಿಫಿಕೇಟು ಈಗಲೇ ಮಾಡಿಸಿಡಬೇಕಾ, ಕಡೇ ದಿನ ಯಾವತ್ತು ಎಂದು ಒಂದರ ಹಿಂದೆ ಒಂದು ಕೇಳಿದ. ನನಗೆ ಬೂಕರ್ ವಾಷಿಂಗ್ಟನ್ ಗೊತ್ತಿತ್ತು, ಅರ್ಜಿಯ ಕಡೇ ದಿನ ಗೊತ್ತಿರಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋಗಿ ಕೇಳಿಕೊಂಡು ಬರುತ್ತೇನೆ ಅಂದೆ. “ನಾನೂ ಬತ್ತೀನಿ, ಆಲೆಮನೆಗೆ ರಜ ಆಕ್ತೀನಿ” ಅಂದ.